ಹೊಸಹಳ್ಳಿಯ ಬಚ್ಚಲಲ್ಲಿ ಕೇಳಿದ ಪ್ರಶ್ನೆ

ಸೋಮವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಮಂಡ್ಯ ಬಿಟ್ಟೆ. ಚೀಲದಲ್ಲಿ ಮೂರು ಸೀರೆ, ಒಂದು ಡಬ್ಬಿ ಚಿತ್ರಾನ್ನ. ತಲೆಯಲ್ಲಿ ಮೂರು ದಿನಕ್ಕಾಗುವಷ್ಟು ಪಾಠ. ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ವಿಜಯನಗರದ ಒಂದು ಹೆರಿಗೆ ಆಸ್ಪತ್ರೆಯಿಂದ ಕರೆ ಬಂದಿತ್ತು. ಮನೆಯಲ್ಲಿ ಏಟು ತಿಂದು ಬರುವ ಹೆಂಗಸರನ್ನು ಗುರುತಿಸುವುದು ಹೇಗೆ, ಮಾತಾಡಿಸುವುದು ಹೇಗೆ, ಏನು ಬರೆದಿಡಬೇಕು ಎಂದು ಅಲ್ಲಿನ ನರ್ಸುಗಳಿಗೆ ಹೇಳಿಕೊಡಬೇಕಿತ್ತು. ಆ ಕಾಲಕ್ಕೆ ಅದು ಹೊಸ ವಿಷಯ, ಅಲ್ಲಿನ ಲೇಡಿ ಡಾಕ್ಟರ ತಲೆಗೆ ಹೊಳೆದದ್ದು. ಇದಕ್ಕೆ ನಾನೇ ಸರಿ ಎಂದು ಅವರಿಗೆ ಅನ್ನಿಸಿತ್ತಂತೆ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು.

ಮದ್ದೂರಿನಲ್ಲಿ ವಡೆ ತಿಂದೆ. ಚನ್ನಪಟ್ಟಣ ದಾಟುವಷ್ಟರಲ್ಲಿ ಬಿಸಿಲೇರಿತು. ಬಿಡದಿಯಲ್ಲಿ ಎದುರಿನ ರೈಲಿಗೆ ದಾರಿ ಬಿಟ್ಟುಕೊಂಡು ಅರ್ಧ ಗಂಟೆ ನಿಂತೆವು. ಬೆಂಗಳೂರಿನ ದೊಡ್ಡ ನಿಲ್ದಾಣದವರೆಗೆ ಹೋಗದೆ ಕೆಂಗೇರಿಯಲ್ಲೇ ಇಳಿದು ಸಿಟಿ ಬಸ್ಸು ಹಿಡಿದೆ. ಮುಕ್ಕಾಲು ರೂಪಾಯಿ ಟಿಕೆಟ್ಟು. ದಾರಿಯ ಎರಡೂ ಕಡೆ ಹೊಲಗಳ ನಡುವೆ ಸೈಟಿನ ಕಲ್ಲುಗಳು, ಅರ್ಧ ಕಟ್ಟಿದ ಮನೆಗಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಂದೊಂದನ್ನೂ ತೋರಿಸಿ ಅದು ಯಾರದ್ದು ಎಂದು ಹೇಳುತ್ತ ಬಂದಳು.

ಆಸ್ಪತ್ರೆಯಲ್ಲಿ ಹದಿನೈದು ಜನ ನರ್ಸುಗಳು ಕಾದು ಕೂತಿದ್ದರು. ನಾನು ಮೊದಲು ಕೇಳಿದ್ದು ಅವರ ರಿಜಿಸ್ಟರು. ಗಾಯ ಹೇಗಾಯಿತು ಎಂಬ ಜಾಗದಲ್ಲಿ ಪುಟ ಪುಟದಲ್ಲೂ ಒಂದೇ ಮಾತು: ಬಚ್ಚಲಲ್ಲಿ ಜಾರಿ ಬಿದ್ದದ್ದು.

"ಏನ್ರಮ್ಮಾ, ವಿಜಯನಗರದವರು ಬಚ್ಚಲಿಗೆ ಎಣ್ಣೆ ಸವರಿ ಇಟ್ಟಿರ್ತಾರಾ?" ಎಂದೆ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಬಿದ್ದವರಿಗೆ ಮೊಣಕಾಲು, ಅಂಗೈ ತರಚುತ್ತದೆ. ಏಟು ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಹೊರಭಾಗದಲ್ಲಿ ಗಾಯವಾಗುತ್ತದೆ. ಇದನ್ನೆಲ್ಲ ನನ್ನ ಕೈಯನ್ನೇ ಎತ್ತಿ ತೋರಿಸಿದೆ. ಸುತ್ತಿ ಬಳಸಿ ಮಾತಾಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೇರವಾಗಿ ಕೇಳಿ ಎಂದೆ. ಎಲ್ಲರೂ ಬರೆದುಕೊಂಡರು.

ಮಧ್ಯಾಹ್ನ ಡ್ರೆಸಿಂಗಿಗೆ ಒಬ್ಬ ಬಾಣಂತಿ ಬಂದಳು. ಹೆಸರು ಶಾರದ, ವಯಸ್ಸು ಇಪ್ಪತ್ತರ ಆಸುಪಾಸು, ಹೆರಿಗೆಯಾಗಿ ಇಪ್ಪತ್ತು ದಿನ. ತಾಯಿ ಇಲ್ಲದ್ದರಿಂದ ಬಾಣಂತನ ಹೊಸಹಳ್ಳಿಯ ಗಂಡನ ಮನೆಯಲ್ಲೇ ನಡೆದಿತ್ತು. ಬಲ ಮುಂಗೈಯ ಹೊರಭಾಗ ಒಡೆದು ಊದಿತ್ತು. ಪಕ್ಕದಲ್ಲಿ ಮಗು ಎತ್ತಿಕೊಂಡ ಅತ್ತೆ. "ಬಚ್ಚಲಲ್ಲಿ ಜಾರಿಬಿದ್ಲು ಸಿಸ್ಟರ್, ಎಷ್ಟು ಹೇಳಿದ್ರೂ ಕೇಳಲ್ಲ," ಎಂದು ಆಕೆಯೇ ಹೇಳಿದಳು.

ಹದಿನೈದು ಜನ ನನ್ನನ್ನೇ ನೋಡುತ್ತಿದ್ದರು. ನನಗೂ ಹುರುಪು. ಶಾರದಳ ಕಣ್ಣಲ್ಲಿ ಕಣ್ಣಿಟ್ಟು, "ಗಂಡ ಹೊಡೀತಾನೇನಮ್ಮಾ?" ಎಂದು ಕೇಳಿಯೇಬಿಟ್ಟೆ.

ಹುಡುಗಿಯ ಮುಖ ಬಿಳುಚಿಕೊಂಡಿತು. ಅತ್ತೆ ಅವಳ ಇನ್ನೊಂದು ಕೈ ಹಿಡಿದು ಎಬ್ಬಿಸಿದಳು. ಅರ್ಧ ಸುತ್ತಿದ್ದ ಬ್ಯಾಂಡೇಜು ಜೋತಾಡುತ್ತಿದ್ದಂತೆಯೇ ಇಬ್ಬರೂ ಗೇಟು ದಾಟಿದರು.

ನೆಲ ಒರೆಸುತ್ತಿದ್ದ ಆಯಾ ರಾಮಕ್ಕ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ಎಂಥ ಕೆಲಸ ಮಾಡಿಬಿಟ್ರಿ ಸಿಸ್ಟರ್! ಅತ್ತೆ ಎದುರಿಗೆ ಯಾರಾದ್ರೂ ಬಾಯಿ ಬಿಡ್ತಾರಾ? ಈಗ ಮನೇಲಿ ಆ ಹುಡುಗೀನ ಏನ್ ಮಾಡ್ತಾರೋ. ಇನ್ನು ಆಸ್ಪತ್ರೆಗೆ ಕಳಿಸ್ತಾರೆ ಅಂದ್ಕೊಂಡ್ರಾ?"

ನನಗೆ ಮೈಯೆಲ್ಲ ಉರಿಯಿತು. ನೆಲ ಒರೆಸುವವಳು ನನಗೆ ಹೇಳುವುದೇ ಎಂದಲ್ಲ, ಅವಳು ಹೇಳಿದ್ದು ನಿಜ ಎಂದು. "ಈಗೇನು ಮಾಡೋದು, ನೀನೇ ಹೇಳು," ಎಂದೆ.

ರಾಮಕ್ಕ ಸ್ವಲ್ಪ ತಣ್ಣಗಾದಳು. ಆಸ್ಪತ್ರೆಗೆ ಬರುವ ಮೊದಲು ಬೆಳಗಿನ ಹೊತ್ತು ಅವಳು ಸುತ್ತಲಿನ ಮನೆಗಳ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕಲು ಹೋಗುತ್ತಿದ್ದಳು. ಶಾರದಳಿಗೂ ದಿನ ಬಿಟ್ಟು ದಿನ ಅವಳೇ ನೀರು ಹಾಕುವವಳು. "ನಾಳೆ ನೀರಿನ ದಿನ. ಬಾಣಂತಿಗೆ ಗಾಳಿ ತಾಗುತ್ತೆ ಅಂತ ಬಚ್ಚಲ ಬಾಗಿಲು ಹಾಕ್ತಾರೆ. ಒಳಗೆ ನಾನೂ ಅವಳೂ ಇಬ್ಬರೇ. ಅತ್ತೆ ಹೊರಗೆ ಒಲೆ ನೋಡ್ಕೋತಾ ಇರ್ತಾಳೆ," ಎಂದಳು.

ಏನು ಕೇಳಬೇಕೆಂದು ನಾನು ಹೇಳಿಕೊಡಲು ಹೊರಟೆ. ಅವಳು ಕೈ ಅಡ್ಡ ಆಡಿಸಿದಳು. "ನಿಮ್ಮ ಪುಸ್ತಕದ ಮಾತು ನನಗೆ ಬರಲ್ಲ. ಅವಳಿಗೆ ಏನು ಬೇಕು ಅಂತ ಕೇಳ್ಕೊಂಡು ಬರ್ತೀನಿ, ಸಾಕಲ್ವಾ?" ಸಾಕಿತ್ತು. ಅಷ್ಟನ್ನು ಕೇಳಬೇಕೆಂದು ನನಗೇ ಹೊಳೆದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಇಬ್ಬರೂ ಹೊಸಹಳ್ಳಿಯ ಕಡೆ ನಡೆದೆವು. ನನ್ನ ಮುಖ ಆ ಮನೆಯವರಿಗೆ ಕಾಣಕೂಡದು, ಅದಕ್ಕೆ ನಾನು ತಿರುವಿನ ಹೋಟೆಲಿನಲ್ಲಿ ಕೂತೆ. ಎರಡು ಇಡ್ಲಿ ಹೇಳಿದೆ, ಅವು ತಟ್ಟೆಯಲ್ಲೇ ಉಳಿದವು. ಕಾಫಿ ಮಾತ್ರ ಎರಡು ಸಲ ಕುಡಿದೆ. ಮುಕ್ಕಾಲು ಗಂಟೆಯ ಮೇಲೆ ರಾಮಕ್ಕ ಒದ್ದೆ ಸೆರಗು ಹಿಂಡುತ್ತ ಬಂದಳು. ಮೈಯೆಲ್ಲ ಸೀಗೆಪುಡಿಯ ವಾಸನೆ.

"ಎಲ್ಲಾ ಹೇಳಿದ್ಲು," ಎಂದು ಎದುರಿಗೆ ಕೂತಳು. "ಹೇರೋಹಳ್ಳಿಲಿ ಅಣ್ಣ ಇದಾನಂತೆ, ಬೇಸಾಯ. ಅವನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಬಂದು ಕರೆದ್ರೆ ಹೋಗ್ತಾಳಂತೆ. ಹೊಂದ್ಕೊಂಡು ಹೋಗು ಅಂದುಬಿಟ್ರೆ ಅನ್ನೋದೇ ಭಯ ಅವಳಿಗೆ. ಕೈ ಕೀವು ಹಿಡಿದ್ರೆ ಅಡುಗೆ ಮಾಡೋರ್ಯಾರು ಅಂತ ಅತ್ತೇನ ಹೆದರಿಸಿ ಬಂದಿದೀನಿ. ನಾಳೆ ಡ್ರೆಸಿಂಗಿಗೆ ಕರ್ಕೊಂಡು ಬರ್ತಾಳೆ." ಹೇರೋಹಳ್ಳಿಯಿಂದ ಸೈಕಲ್ಲಿನಲ್ಲಿ ಹಾಲು ತರುವವನ ಕೈಲಿ ರಾಮಕ್ಕ ಆಗಲೇ ಅಣ್ಣನಿಗೆ ಮಾರನೆಯ ದಿನ ಆಸ್ಪತ್ರೆಗೆ ಬರಲು ಹೇಳಿಕಳಿಸಿದ್ದಳು.

ಅವತ್ತಿನ ತರಗತಿಯಲ್ಲಿ ರಾಮಕ್ಕನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಒಬ್ಬಿಬ್ಬರು ನರ್ಸುಗಳು ಕಿಸಕ್ಕೆಂದರು. ಒಮ್ಮೆ ನೋಡಿದೆ, ಸುಮ್ಮನಾದರು. ನೀನು ಹೇಗೆ ಕೇಳಿದೆ ಎಂದಾಗ ರಾಮಕ್ಕ ಹೇಳಿದಳು: "ಬೆನ್ನ ಹಿಂದೆ ನಿಂತು, ನೀರು ಹುಯ್ಯುತ್ತಾ ಕೇಳ್ತೀನಿ. ಮುಖ ನೋಡಲ್ಲ. ಮುಖ ನೋಡಿದ್ರೆ ನಾಚ್ಕೊಂಡು ಇಲ್ಲ ಅಂದುಬಿಡ್ತಾರೆ. ನೀರು ಬೀಳೋವಾಗ ಅತ್ತರೂ ಗೊತ್ತಾಗಲ್ಲ ನೋಡಿ." ಹಿಂದಿನ ದಿನ ಬರೆದುಕೊಂಡಿದ್ದ 'ಕಣ್ಣಲ್ಲಿ ಕಣ್ಣಿಟ್ಟು' ಎಂಬುದನ್ನು ಹೊಡೆದುಹಾಕಲು ನಾನೇ ಹೇಳಿದೆ. ಡಾಕ್ಟರು ಅಲ್ಲೇ ಒಂದು ಹೊಸ ನಿಯಮ ಮಾಡಿದರು: ಡ್ರೆಸಿಂಗ್ ಕೋಣೆಯೊಳಗೆ ಪೇಷಂಟ್ ಬಿಟ್ಟರೆ ಬೇರೆ ಯಾರೂ ಬರಕೂಡದು.

ಬುಧವಾರ ಹತ್ತು ಗಂಟೆಗೆ ಅತ್ತೆ ಸೊಸೆ ಬಂದರು. "ಬಾಣಂತೀನ ಒಬ್ಬಳೇ ಒಳಗೆ ಬಿಡಕ್ಕಾಗುತ್ತೇನ್ರೀ?" ಎಂದು ಅತ್ತೆ ಜೋರು ಮಾಡಿದಳು. "ಎಲ್ಲರಿಗೂ ಒಂದೇ ರೂಲ್ಸಮ್ಮಾ. ಮಗೂಗೆ ಒಳಗಿನ ಔಷಧಿ ವಾಸನೆ ಆಗಲ್ಲ, ಇಲ್ಲೇ ಎತ್ಕೊಂಡು ಕೂತ್ಕೊಳ್ಳಿ," ಎಂದು ರಾಮಕ್ಕ ಬೆಂಚು ಒರೆಸಿಕೊಟ್ಟಳು. ನಾನು ಬಾಗಿಲು ಹಾಕಿದೆ.

ಶಾರದಳ ಕೈ ನೋಡುತ್ತ, ಗಾಯ ತೊಳೆಯುತ್ತ, ತಲೆ ಎತ್ತದೆ ಕೇಳಿದೆ. ನೀರಿನ ಸದ್ದಿನ ನಡುವೆ ಅವಳು ಹೇಳತೊಡಗಿದಳು. ಹೊಡೆದದ್ದು ಗಂಡ, ಒಲೆಯ ಸೌದೆಯಿಂದ. ಹೆಣ್ಣು ಮಗು ಹುಟ್ಟಿದ ಮೇಲೆ ಹೆಚ್ಚಾಗಿತ್ತು. ಕುಪ್ಪಸದ ತೋಳು ಮೇಲೆ ಸರಿಸಿದಾಗ ಭುಜದಲ್ಲಿ ಇನ್ನೊಂದು ಬಾಸುಂಡೆ ಕಂಡಿತು, ಹೊಸದು.

"ಇದು ಯಾವಾಗಿಂದಮ್ಮಾ?"

"ಸೋಮವಾರದ್ದು. ನೀವು ಕೇಳಿದ್ರಲ್ಲ, ಅವತ್ತಿಂದು."

"ತಪ್ಪಾಯ್ತು ಕಣವ್ವಾ," ಎಂದೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ರಿಜಿಸ್ಟರಿನಲ್ಲಿ ಬರೆದು ಓದಿ ಹೇಳಿದೆ. ಎಡಗೈಯಲ್ಲಿ ಸಹಿ ಹಾಕಿದಳು. ಡಾಕ್ಟರು ಬಂದು ಕೈ ಮುಟ್ಟಿ ನೋಡಿ, ಮೂಳೆ ಬಿರುಕು ಬಿಟ್ಟಿರಬಹುದು, ಅಣ್ಣ ಬರುವವರೆಗೆ ಅಡ್ಮಿಟ್ ಆಗಿರಲಿ ಎಂದರು. ಹಾಲು ಕುಡಿಸಬೇಕೆಂದು ರಾಮಕ್ಕ ಅತ್ತೆಯ ಕೈಯಿಂದ ಮಗುವನ್ನೂ ಒಳಗೆ ತಂದಳು. ಅತ್ತೆ ಕೂಗಾಡಿ, ಕೆಲಸಕ್ಕೆ ಹೋಗಿದ್ದ ಮಗನನ್ನು ಕರೆತರುತ್ತೇನೆಂದು ಹೋದಳು.

ಅವನಿಗಿಂತ ಮೊದಲು ಅಣ್ಣ ಬಂದ. ಸೈಕಲ್ ತುಳಿದು ಬೆವೆತು ಹೋಗಿದ್ದ, ಪಂಚೆಯ ಅಂಚಿನಲ್ಲಿ ಗದ್ದೆಯ ಕೆಸರು. "ಅತ್ತೆ ಮನೇಲಿ ಒಂದು ಮಾತು ಬರುತ್ತೆ ಹೋಗುತ್ತೆ, ಅದಕ್ಕೆಲ್ಲಾ..." ಎಂದು ಶುರು ಮಾಡಿದ. ಶಾರದ ಗೋಡೆಯ ಕಡೆ ತಿರುಗಿಬಿಟ್ಟಳು. ಅವಳ ಒಪ್ಪಿಗೆ ಕೇಳಿ, ಬರೆದದ್ದನ್ನು ಅವನಿಗೆ ಓದಿ ಹೇಳಿದೆ.

"ಇದನ್ನ ಇವಳೇ ಹೇಳಿದ್ಲಾ?" ಎಂದ.

"ಅವಳೇ. ಇದು ಅವಳ ಸಹಿ."

ಸಹಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತೊಟ್ಟಿಲ ಹತ್ತಿರ ಹೋಗಿ, ಕೈಗಳನ್ನು ಪಂಚೆಗೆ ಒರೆಸಿಕೊಂಡು ಮಗುವನ್ನು ಎತ್ತಿಕೊಂಡ. "ಏಳವ್ವಾ, ಮನೆಗೆ ಹೋಗಣ," ಎಂದ. ನನ್ನೆದುರು ಒಮ್ಮೆಯೂ ಅಳದ ಹುಡುಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ರಾಮಕ್ಕನೂ ಅತ್ತಳು, ನಾನೂ ಅತ್ತೆ.

ಗಂಡ ಬರುವ ಮೊದಲೇ ಡಾಕ್ಟರು ಕೈಗೆ ಪಟ್ಟಿ ಕಟ್ಟಿ, ಎರಡು ದಿನ ಬಿಟ್ಟು ಬರಬೇಕೆಂದು ಚೀಟಿ ಕೊಟ್ಟು ಕಳಿಸಿದರು. ನಾನೂ ಸಂಜೆಯ ರೈಲಿಗೆ ಕೆಂಗೇರಿ ಸೇರಬೇಕಿತ್ತು, ಚೀಲ ಹಿಡಿದು ಅವರ ಜೊತೆಗೇ ಗೇಟಿಗೆ ಬಂದೆ. ಅಣ್ಣ ಸೈಕಲ್ಲನ್ನು ಆಸ್ಪತ್ರೆಯಲ್ಲೇ ಬಿಟ್ಟು ಆಟೋ ಕರೆದ. ಅದು ಹೊರಡುವಾಗ ಶಾರದ ತಲೆ ಹೊರಹಾಕಿದಳು.

"ಸಿಸ್ಟರ್, ನಿಮ್ಮೂರಲ್ಲೂ ಹಿಂಗೇ ಕೇಳ್ತೀರಾ ಹೆಂಗಸರನ್ನ?"

"ಕೇಳ್ತೀನವ್ವಾ."

"ಬಾಗಿಲು ಹಾಕ್ಕೊಂಡು ಕೇಳಿ," ಎಂದಳು.