ಎಡಗೈಯ ರೊಟ್ಟಿ

ನಿನ್ನೆ ಮೊಮ್ಮಗ ನನಗೊಂದು ಬಾಳೆಹಣ್ಣು ತಂದುಕೊಟ್ಟ, ಎಡಗೈಯಲ್ಲಿ. ಸೊಸೆ ಒಳಗಿನಿಂದಲೇ ಗದರಿದಳು. ನಾನು ಈಸಿಕೊಂಡು ಸುಲಿದು ತಿಂದುಬಿಟ್ಟೆ. ರೀತಿ ರಿವಾಜು ಎಂದು ದಿನವಿಡೀ ತಲೆ ತಿನ್ನುವ ಮುದುಕಿ ಈಗೇಕೆ ಸುಮ್ಮನಾದಳೆಂದು ಅವಳಿಗೆ ಸೋಜಿಗ. ಕಾರಣ ಹೇಳುತ್ತೇನೆ, ನೀವೂ ಕೂತುಕೊಳ್ಳಿ.

ನಾನು ಹೊಸಪೇಟೆಯ ಅಕ್ಕಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಎದುರುಮನೆಯ ನೀಲವ್ವ ನನ್ನ ವಾರಿಗೆಯವಳು. ತವರು ನೆನೆದು ಅತ್ತಾಗಲೆಲ್ಲ ಕಣ್ಣೊರೆಸಿದವಳು ಅವಳೇ. ಪ್ಲೇಗು ಬಂದ ವರ್ಷ ಓಣಿಗೆ ಓಣಿಯೇ ಬೀಗ ಜಡಿದು, ಮಲಪನಗುಡಿ ಕಡೆಯ ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿತು. ನೀಲವ್ವನ ಜೋಪಡಿ ನಮ್ಮ ಬದುವಿನ ಆಚೆಗೆ. ಅವಳಿಗೆ ಜ್ವರವೆಂದು ತಿಳಿದ ಮೇಲೆ ಯಾರೂ ಆ ಬದು ದಾಟಲಿಲ್ಲ. ನಾನೂ ದಾಟಲಿಲ್ಲ. ಮರುದಿನ ಅವಳ ನಾಯಿ ಕೆಂಚ ಬಂದು ನನ್ನನ್ನೇ ನೋಡುತ್ತ ನಿಂತಿತು. ದಿನಾ ಅದಕ್ಕೆ ರೊಟ್ಟಿ ಹಾಕುತ್ತಿದ್ದವಳಲ್ಲವೇ ನಾನು. ಅದರ ಮೈಮೇಲೆ ರೋಗವೇ ಏರಿ ಬಂದಂತೆ ಕಂಡಿತು ನನಗೆ. ಕಲ್ಲೆತ್ತಿ ಬೀಸಿದೆ. ಜನ್ಮದಲ್ಲಿ ಗುರಿ ಹಿಡಿಯದ ಕೈ ಅಂದು ತಪ್ಪಲಿಲ್ಲ. ಕೆಂಚ ಕುಂಟುತ್ತ ಓಡಿತು. ಮುಂದೆರಡು ದಿನಕ್ಕೆ ನೀಲವ್ವ ತೀರಿಕೊಂಡಳು, ಅದೇ ವಾರ ಅವಳ ಗಂಡನೂ.

ಬೇನೆ ಇಳಿದು ಊರಿಗೆ ಮರಳಿದರೆ, ಓಣಿಯಲ್ಲಿ ಐದಾರು ನಾಯಿಗಳು, ಕೆಂಚನೂ ಅವುಗಳಲ್ಲೊಂದು. ಮನುಷ್ಯರ ನೆರಳು ಕಂಡರೆ ಗೋಡೆಯ ಸಂದಿಗೆ ನುಗ್ಗುತ್ತಿದ್ದವು. ಬರುವ ಅಮಾವಾಸ್ಯೆಯ ಹೊತ್ತಿಗೆ ಒಡೆಯರಿಲ್ಲದ ನಾಯಿಗಳನ್ನು ಬಡಿದು ಹಾಕುತ್ತಾರೆಂದು ಡಂಗುರ ಸಾರಿದರು.

“ಇಷ್ಟು ದಿನ ನಮ್ಮ ಬೀಗ ಕಾದಾವ. ಬಡಿಸಿಕೊಂಡು ಸಾಯ್ಲಿ ಅನ್ನಾಕ ಬಾಯಿ ಹ್ಯಾಂಗ ಬರ್ತದ?” ಎಂದರು ಅತ್ತೆ. ಹೊಲ ಕಾಯಲು ಮೆಟ್ರಿ ಹಳ್ಳಿಯ ರೈತರಿಗೆ ನಾಯಿ ಬೇಕಿತ್ತು. ಆದರೆ ಕೈಗೆ ಸಿಗದ ನಾಯಿಯನ್ನು ಯಾರು ಒಯ್ದಾರು?

ಅತ್ತೆಯ ಉಪಾಯ ಬಲು ಸರಳ. ಕಟ್ಟೆಯ ಮೇಲೆ ನಾಯಿಗಳಿಗೆ ಬೆನ್ನು ಹಾಕಿ ಕೂತು ಅಕ್ಕಿ ಆರಿಸುವುದು, ಪಕ್ಕದಲ್ಲಿ ರೊಟ್ಟಿಯ ಚೂರಿಡುವುದು, ತಿರುಗಿ ನೋಡದಿರುವುದು. ದಿನಕ್ಕೊಂದು ಗೇಣು ಹತ್ತಿರ ಬಂದವು. ಒಂದೊಂದಾಗಿ ಮೆಟ್ರಿಯ ದಾರಿ ಹಿಡಿದವು. ಉಳಿದದ್ದು ಕೆಂಚ ಮಾತ್ರ.

“ಇದು ರೊಟ್ಟಿ ನೋಡಂಗಿಲ್ಲ, ಬಲಗೈ ನೋಡ್ತದ,” ಎಂದರು ಅತ್ತೆ ಒಂದು ದಿನ. “ಯಾರೋ ಹೊಡದಾರ.”

“ನಾನಾ ಹೊಡದೀನಿ, ಅತ್ತಿ,” ಎಂದೆ.

ಅವರು ಬಹಳ ಹೊತ್ತು ಅಕ್ಕಿಯಲ್ಲಿ ಕಲ್ಲು ಹುಡುಕಿದರು. ಬೈದಿದ್ದರೆ ಚೆನ್ನಾಗಿತ್ತು.

“ಹಂಗಾದ್ರ ನಾಳಿಂದ ನೀನಾ ಕುಂದ್ರು. ಎಡಗೈಲೆ ಹಾಕು.”

“ಎಡಗೈಲೇನ್ರಿ? ಅನ್ನ ಅದು.”

“ಬಲಗೈಲೆ ಏನು ಹಾಕಿದಿ ಅಂತ ಗೊತ್ತಾತಲ್ಲ.”

ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಬೀದಿಯವರು ನಕ್ಕರು. ಆರನೆಯ ದಿನ ಎಡ ಅಂಗೈಗೆ ಬಿಸಿಯುಸಿರು ತಾಗಿತು. ಆಮೇಲೆ ಬಲಗೈಯನ್ನು ಹೊರಗೆ ತೆಗೆದು, ಬರಿದಾಗಿ, ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡೆ. ಅದು ಕಂಡ ದಿನ ಕೆಂಚ ಮತ್ತೆ ಸಂದಿಗೆ ಓಡಿತು. ಮತ್ತೆ ಮೊದಲಿನಿಂದ. ನಾನು ಅವಸರದ ಹೆಂಗಸು, ಹಾಲು ಉಕ್ಕುವ ತನಕ ಕಾಯಲಾರದವಳು. ಆದರೂ ಕೂತೆ.

ಅಮಾವಾಸ್ಯೆಗೆ ಎರಡು ದಿನವಿರುವಾಗ ಮೆಟ್ರಿಯ ಮುದುಕರೊಬ್ಬರು ಬಂದರು. “ಕೈಗೆ ಬರ್ತದೇನ್ರವ್ವಾ? ಇಲ್ಲಾಂದ್ರ ಬ್ಯಾಡ.”

“ಸ್ವಲ್ಪ ಕುಂದರ್ರಿ ಯಜ್ಜಾ,” ಎಂದು ಬಲಗೈಯಲ್ಲಿ ರೊಟ್ಟಿ ಹಿಡಿದೆ. ಕೆಂಚ ಬಂತು, ನಿಂತಿತು, ಹಿಂದೆ ಸರಿಯಿತು. ಆಮೇಲೆ ಕುತ್ತಿಗೆ ಉದ್ದ ಮಾಡಿ ಮೊದಲು ನನ್ನ ಬೆರಳು ಮೂಸಿತು, ನಂತರ ರೊಟ್ಟಿ ತೆಗೆದುಕೊಂಡಿತು. ಎರಡನೆಯ ತುಂಡನ್ನು ಅಜ್ಜನ ಕೈಯಿಂದಲೂ ತಿಂದಿತು. ಅವರು ಕೊರಳಿಗೆ ಹಗ್ಗ ಹಾಕಿ ಕರೆದೊಯ್ದರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಕೆಂಚನ ಕಥೆಯನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಲ್ಲೆಸೆದದ್ದನ್ನೂ ಹೇಳಿದ್ದೇನೆ, ಅದನ್ನು ಒಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಬದು ದಾಟದೇ ಉಳಿದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನಿನ್ನೆ ಹಣ್ಣು ತಿಂದಾದ ಮೇಲೆ ಸೊಸೆಯನ್ನು ಕೂರಿಸಿಕೊಂಡು ಹೇಳಿದೆ. ನಾಯಿಯ ಮುಂದೆ ಕೈಚಾಚಿ ಕೂರಲು ನನಗೆ ದಿನಗಳು ಸಿಕ್ಕವು. ನೀಲವ್ವ ಬದುವಿನ ಆಚೆ ಮೂರು ದಿನ ಬದುಕಿದ್ದಳು.