ಡೊಂಬಿವಲಿಯ ನಲ್ಲಿಗೆ ಒಂದು ಹನಿ ಗಂಗೆ

ನಾವು ಧಾರವಾಡ ಬಿಟ್ಟು ಮುಂಬೈ ಪಕ್ಕದ ಡೊಂಬಿವಲಿಗೆ ಬಂದಾಗ ನನ್ನ ಯಜಮಾನರ ಅಜ್ಜಿ ಮೂರನೆಯ ಮಹಡಿಯ ಮನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಏರಿದರು. ಲಿಫ್ಟ್ ಇರಲಿಲ್ಲ. ನಾಲ್ವರು ಹೊತ್ತು ತರುವಾಗ ಎದುರುಮನೆಯ ಮರಾಠಿ ಹೆಂಗಸು, ಎಲ್ಲರ ಬಾಯಲ್ಲೂ ಕಾಕು, ಬಾಗಿಲು ತೆರೆದು, ದೇವರ ಪಲ್ಲಕ್ಕಿ ಬಂತೆಂಬಂತೆ ಕೈಮುಗಿದರು. ತೊಂಬತ್ತು ದಾಟಿದ ಅಜ್ಜಿಯ ಮಡಿಲಲ್ಲಿದ್ದದ್ದು ಒಂದೇ ಸಾಮಾನು, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಂಗಾಥಾಲಿ, ಗಂಗಾಜಲದ ಪುಟ್ಟ ಚೆಂಬು. ಪ್ರಾಣ ಹೋಗುವಾಗ ಬಾಯಿಗೆ ಬಿಡಲೆಂದು ಕಾಶಿಯಿಂದ ತಂದಿಟ್ಟದ್ದು.

ಧಾರವಾಡದಲ್ಲಿ ನಮ್ಮ ಹಿತ್ತಲಲ್ಲೇ ಬಾವಿ. ನಾನು ಮಡಿಯಲ್ಲಿ ಸೇದಿದ ನೀರಷ್ಟೇ ಅಜ್ಜಿಗೆ ಆಗುತ್ತಿತ್ತು. ಇಲ್ಲಿ ನೀರು ಛಾವಣಿಯ ಮೇಲಿನ ಟಾಕಿಯಿಂದ, ಅಂದರೆ ತೊಟ್ಟಿಯಿಂದ, ಇಳಿದು ಬರುತ್ತದೆ. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ, ಆ ನೀರು ಮೈಲಿಗೆ ಎಂದು ಅಜ್ಜಿ ಹಟ ಹಿಡಿದರು. ಯಜಮಾನರು ನಲ್ಲಿ ಬಿಚ್ಚಿ ರಬ್ಬರ್ ತೋರಿಸಿದರೂ ನಂಬಲಿಲ್ಲ. ಹಾಲಿನ ಮೇಲೇ ದಿನ ತಳ್ಳಿದರು. ನಾಲಿಗೆ ಒಣಗಿತು, ಮಾತು ತಡವರಿಸಿತು. ಮೂರು ಮಹಡಿ ಹತ್ತಿ ಬಂದ ಡಾಕ್ಟರು, ಔಷಧಿ ಬೇಡ, ನೀರು ಕುಡಿಸಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕು, ಈ ವಯಸ್ಸಿನಲ್ಲಿ ಸೇರಿದವರು ತಿರುಗಿ ಬರುವುದು ಕಷ್ಟ ಎಂದರು.

ಗುಡಿಯ ಬಾವಿ ನೀರೆಂದು ಹೇಳಿ ಕೊಟ್ಟುಬಿಡು ಎಂದರು ಯಜಮಾನರು. ನನ್ನ ಕೈಯನ್ನು ನಂಬಿ ಕುಡಿಯುವವರಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ದೇವರಗೂಡಿನ ಕೃಷ್ಣನಿಗೆ ದೀಪ ಹಚ್ಚಿ, ಥಾಲಿಯನ್ನು ಅಜ್ಜಿಯ ಮುಂದಿಟ್ಟೆ.

“ಅಜ್ಜಿ, ಗಂಗಾ ಒಂದು ಹನಿ ಬಿದ್ದಮ್ಯಾಲೆ ನಲ್ಲಿ ನೀರಿಗೆ ಮೈಲಿಗಿ ಉಳೀತದೇನು?”

“ಅದು ನಾ ಸಾಯೂ ಹೊತ್ತಿಗೆ ಇಟ್ಟದ್ದವಾ.”

“ನೀರು ಕುಡೀಲಿಲ್ಲಂದ್ರ ಆ ಹೊತ್ತು ಈಗ್ಲೇ ಬರ್ತದ.”

ಅಜ್ಜಿ ಬಹಳ ಹೊತ್ತು ಥಾಲಿಯನ್ನೇ ಸವರುತ್ತಿದ್ದರು. “ಮುಂಬೈಗೆ ಬಂದು ಭಾಳ ಶಾಣ್ಯಾಕಿ ಆಗೀಯವಾ. ಬಿಚ್ಚು ಹಂಗಾರ.”

ಯಜಮಾನರು ಇಕ್ಕಳದಿಂದ ಬೆಸುಗೆ ಬಿಡಿಸಿದರು. ತಾಮ್ರದ ಬಿಂದಿಗೆಯಲ್ಲಿದ್ದ ನಲ್ಲಿ ನೀರಿಗೆ ಒಂದು ಹನಿ ಬಿಟ್ಟೆ. ಅಜ್ಜಿ ಒಂದು ತಂಬಿಗೆ ಪೂರ್ತಿ ಕುಡಿದರು. ನನ್ನ ಪಾಲಿಗೆ ಕೃಷ್ಣ ಕಣ್ತೆರೆದ.

ಅಂದಿನಿಂದ ಕಾಕು ಮಧ್ಯಾಹ್ನ ತಪ್ಪದೆ ಬಂದು ಕೂಡುತ್ತಾರೆ. ಲೋಡ್ ಶೆಡ್ಡಿಂಗ್ ಇದ್ದರೆ ಬೀಸಣಿಗೆಯನ್ನೂ ತರುತ್ತಾರೆ. ಅವರದು ಮರಾಠಿ, ಅಜ್ಜಿಯದು ಕನ್ನಡ. ಇಬ್ಬರೂ ಸೊಸೆಯರನ್ನು ಬೈಯುತ್ತ ಒಂದೊಂದು ಲೋಟ ನೀರು ಮುಗಿಸುತ್ತಾರೆ. ಧಾರವಾಡದಲ್ಲಿ ಅಂಗಳವಿತ್ತು, ಬಾಗಿಲು ತಟ್ಟಿದೊಡನೆ ಬರುವ ಇಂಥ ಜನ ಇರಲಿಲ್ಲ. ದಿನಕ್ಕೊಂದು ಹನಿ ಬಿಟ್ಟು ಥಾಲಿಯ ನೀರು ಇಳಿದಾಗ ಬಿಂದಿಗೆಯ ನೀರನ್ನೇ ಅದಕ್ಕೆ ತುಂಬುತ್ತೇನೆ. ಗಂಗೆಗೆ ಸೇರಿದ್ದೆಲ್ಲ ಗಂಗೆ ಎಂಬುದು ಅಜ್ಜಿಯದೇ ತೀರ್ಪು. ಹೀಗೆ ವರ್ಷಗಳು ಕಳೆದವು. ಈಗ ಅವರಿಗೆ ನೂರು ಹತ್ತಿರವಾಗಿದೆ. ಗೋಡೆ ಹಿಡಿದು ಕಿಟಕಿಯವರೆಗೆ ನಡೆಯುತ್ತಾರೆ.

ಮೊನ್ನೆ ಮದುವೆಗೆಂದು ಧಾರವಾಡಕ್ಕೆ ಹೋದಾಗ ಹಿತ್ತಲಿನ ಅದೇ ಬಾವಿಯ ನೀರು ಕುಡಿದೆ. ತಂಪಾಗಿತ್ತು, ಸಿಹಿಯಾಗಿತ್ತು. ಆದರೂ ನನ್ನ ನಾಲಿಗೆ ತಾಮ್ರದ ರುಚಿಗೆ ಕಾಯುತ್ತಿತ್ತು. ಒಂದು ಬಾಟಲಿ ತುಂಬಿ ತಂದು, ಅಜ್ಜಿಯ ಕಣ್ಣೆದುರೇ ಥಾಲಿಗೆ ಒಂದು ಹನಿ ಬಿಟ್ಟು, ಥಾಲಿಯಿಂದ ಅವರ ಲೋಟದ ನೀರಿಗೆ ಒಂದು ಹನಿ ಹಾಕಿ ಕೊಟ್ಟೆ. ಅವರು ಕುಡಿದರು, ಬಾಯಲ್ಲಿ ತಿರುವಿದರು, ಊರಿನ ರುಚಿ ಹುಡುಕಿದರು.

“ಧಾರವಾಡ ಹತ್ತಲಿಲ್ಲವಾ ನಾಲಿಗೀಗೆ,” ಎಂದು ಲೋಟ ಮುಂದೆ ಹಿಡಿದರು. “ಇನ್ನೊಂದಿಷ್ಟು ಹಾಕು.”