ಒರೆಸಪ್ಪನ ಸೀಟು

ಬಸ್ಸು ಹತ್ತಿದವನೇ ಸ್ಟೇರಿಂಗ್ ಒರೆಸಿ, ಕನ್ನಡಿ ಒರೆಸಿ, ಕೊನೆಗೆ ತನ್ನ ಮೂಗನ್ನೂ ಅಷ್ಟೇ ಶ್ರದ್ಧೆಯಿಂದ ಒರೆಸಿಕೊಂಡು ಗಾಡಿ ಬಿಡುತ್ತಿದ್ದ ಆ ಡ್ರೈವರನಿಗೆ ಡಿಪೋದವರೆಲ್ಲ ಸೇರಿ ಒರೆಸಪ್ಪ ಅಂತ ಹೆಸರಿಟ್ಟಿದ್ದರು. ಅವನಿಗೇನೂ ಬೇಜಾರಿರಲಿಲ್ಲ. ಗಲೀಜಾಗಿರುವವರಿಗೆ ಅಂಥ ಹೆಸರು ಯಾರು ಇಡುತ್ತಾರೆ ಹೇಳಿ.

ಇಂಥವನ ಮನೆಗೆ ಅಳಿಯ ಹೊಸ ಕಮೋಡು ಹಾಕಿಸಿಕೊಟ್ಟ. ಪಕ್ಕದಲ್ಲೊಂದು ತಿರುಪು, ತಿರುಗಿಸಿದರೆ ಒಳಗಿನ ಸಣ್ಣ ನಳಿಕೆಯಿಂದ ಜೆಟ್ಟಿನ ಹಾಗೆ ನೀರು ಚಿಮ್ಮಿ, ಕೈ ಸೋಕಿಸದೆ ಎಲ್ಲ ತೊಳೆದುಬಿಡುತ್ತದೆ. ಬೇಕಾದರೆ ಬಿಸಿನೀರೂ ಉಂಟು. ಒರೆಸಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ತಿರುಪನ್ನು ಕೊನೇತನಕ ತಿರುಗಿಸಿ, ಬಿಸಿಯನ್ನೂ ಏರಿಸಿ, ಅಲ್ಲೇ ಕೂತುಬಿಡುತ್ತಿದ್ದ. ಹೊರಗೆ ಹೆಂಡತಿ ಬಾಗಿಲು ತಟ್ಟಿ ತಟ್ಟಿ ಸುಸ್ತಾದಳು. "ಒಳಗೆ ಬಸ್ಸು ತೊಳೀತಾ ಇದೀರೇನ್ರೀ?"

ತಿಂಗಳೊಪ್ಪತ್ತಿನಲ್ಲಿ ತುರಿಕೆ ಶುರುವಾಯಿತು. ಎಲ್ಲಿ ಅಂತ ಕೇಳಬೇಡಿ. ಕೂತು ದುಡಿಯುವವನಿಗೆ ಎಲ್ಲಿ ಬರಬಾರದೋ ಅಲ್ಲೇ. ತುರಿಕೆ ಅಂದರೆ ಗಲೀಜು ಅನ್ನುವುದು ಅವನ ನಂಬಿಕೆ, ಹಾಗಾಗಿ ಇನ್ನೂ ಜಾಸ್ತಿ ತೊಳೆದ. ತೊಳೆದಷ್ಟೂ ತುರಿಸಿತು, ತುರಿಸಿದಷ್ಟೂ ತೊಳೆದ.

ಎಡಕ್ಕೊಮ್ಮೆ ಬಲಕ್ಕೊಮ್ಮೆ ಜರುಗುತ್ತಾ ಬಸ್ಸು ಓಡಿಸತೊಡಗಿದ. ತಪ್ಪೆಲ್ಲ ಸೀಟಿನದೇ ಅಂತ ಮೆಕ್ಯಾನಿಕ್‌ನ ಪ್ರಾಣ ತಿಂದ. ಪಾಪ, ಅವನು ಸೀಟಿನ ಬಟ್ಟೆ ಬದಲಿಸಿದ, ಸ್ಪಂಜು ಕಿತ್ತು ಹೊಸದು ತುಂಬಿದ, ಕೊನೆಗೆ ಸೀಟನ್ನೇ ಬದಲಿಸಿದ. "ಅಣ್ಣ, ಇನ್ನು ಬದಲಿಸೋಕೆ ಉಳಿದಿರೋದು ನೀನೊಬ್ಬನೇ," ಅಂದ.

ಡ್ರೈವರು ನಡುರಸ್ತೆಯಲ್ಲಿ ಎದ್ದೆದ್ದು ಕೂರುತ್ತಾನೆ ಅಂತ ಜನರೂ ಡಿಪೋದ ಸಾಹೇಬರಿಗೆ ದೂರು ಕೊಟ್ಟರು. ಸಾಹೇಬರು ಅವನನ್ನು ನಿಂತ ನಿಲುವಿನಲ್ಲೇ ಗಾಡಿಯಿಂದ ಇಳಿಸಿದರು. ವಾಸಿ ಮಾಡಿಕೊಂಡು ಬಂದರೆ ಬಸ್ಸು, ಇಲ್ಲದಿದ್ದರೆ ಟಿಕೆಟ್ ಕೌಂಟರು ಅಂದರು. ಒರೆಸಪ್ಪ ಅವತ್ತೇ ಹೆಂಡತಿಯ ಜೊತೆ ಆಸ್ಪತ್ರೆಗೆ ಓಡಿದ. ಸ್ಟೇರಿಂಗ್ ಹಿಡಿಯದೆ ಅವನು ಬದುಕಿದ್ದೇ ಇಲ್ಲ.

ಡಾಕ್ಟರಮ್ಮನ ಮುಂದೆ ಸೀಟಿನ ಚರಿತ್ರೆಯನ್ನೆಲ್ಲ ಬಿಚ್ಚಿದ. ಕಮೋಡಿನ ಸುದ್ದಿ ಮಾತ್ರ ಎತ್ತಲಿಲ್ಲ. ಹೆಂಡತಿ ಕೇಳುವಷ್ಟು ಕೇಳಿದಳು. "ಸೀಟಿನ ಕಥೆ ಬಿಡಿ ಡಾಕ್ಟ್ರೇ. ಬೆಂಕಿ ಆರಿಸೋರ ಹಾಗೆ ದಿನಾ ನೀರು ಹೊಡ್ಕೋತಾರೆ ಇವರು."

ಡಾಕ್ಟರಮ್ಮ ನಗು ತಡೆದುಕೊಂಡು ತಿಳಿಸಿ ಹೇಳಿದರು. ಚರ್ಮಕ್ಕೆ ತನ್ನದೇ ಎಣ್ಣೆ ಇರುತ್ತದೆ, ಬಿಸಿನೀರು ಜೋರಾಗಿ ಹೊಡೆದರೆ ಅದೆಲ್ಲ ಹೋಗಿ ಚರ್ಮ ಒಣಗಿ ಬಿರಿಯುತ್ತದೆ, ಉರಿ ತುರಿಕೆ ಹತ್ತುತ್ತದೆ. ಜೆಟ್ಟಿನ ತಪ್ಪಲ್ಲ, ಉಗುರುಬೆಚ್ಚಗಿನ ನೀರು, ಮೆಲ್ಲಗೆ, ಸ್ವಲ್ಪವೇ ಹೊತ್ತು, ಆಮೇಲೆ ಉಜ್ಜದೆ ಒತ್ತಿ ಒರೆಸಿಕೊಂಡರೆ ಸಾಕು. ಮುಲಾಮು ಬರೆಯುತ್ತಾ, ಆ ನಳಿಕೆ ತೊಳೆದು ಎಷ್ಟು ದಿನವಾಯಿತು ಅಂತಲೂ ಕೇಳಿದರು. ಊರನ್ನೆಲ್ಲ ಒರೆಸುವವನು ಅದೊಂದನ್ನು ಮುಟ್ಟಿಯೇ ಇರಲಿಲ್ಲ.

ಗ್ರೀಸ್ ಇರುವ ಕಡೆ ಜೋರು ನೀರು ಬಿಡಬೇಡಿ ಅಂತ ಬಸ್ಸು ತೊಳೆಯುವವರಿಗೆ ದಿನಾ ಬೈಯುತ್ತಿದ್ದವನು ತಾನೇ. ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿಯ ಮುಖ ನೋಡಲಿಲ್ಲ.

ತುರಿಕೆ ಪೂರಾ ನಿಂತ ಮೇಲೆ ಸಾಹೇಬರ ಕೋಣೆಗೆ ಹೋದ. ಏನಾಗಿತ್ತು ಅಂತ ಬಾಯಿಬಿಡದಿದ್ದರೆ ಬಸ್ಸು ಕೊಡುವುದಿಲ್ಲ ಅಂದರು ಅವರು. ಅವರ ಮೆತ್ತನೆ ಕುರ್ಚಿ ಖಾಲಿ ಬಿದ್ದಿತ್ತು. ಈಚೆಗೆ ಸಾಹೇಬರು ಕಿಟಕಿ ಹತ್ತಿರ ನಿಂತೇ ಮಾತಾಡುತ್ತಿದ್ದರು. ಒರೆಸಪ್ಪ ನೆಲ ನೋಡುತ್ತಾ, ನಾಚಿಕೆಯನ್ನೆಲ್ಲ ನುಂಗಿಕೊಂಡು, ತಿರುಪು, ಬಿಸಿನೀರು, ನಳಿಕೆ ಎಲ್ಲ ಒಪ್ಪಿಸಿದ.

ಸಾಹೇಬರು ನಗಲಿಲ್ಲ. ಮೆಲ್ಲಗೆ ಬಂದು ಬಾಗಿಲು ಮುಂದೆ ಮಾಡಿದರು.

"ಬಸ್ಸು ತಗೊಂಡು ಹೋಗಪ್ಪ. ಅಂದ ಹಾಗೆ, ಆ ಡಾಕ್ಟರಮ್ಮ ಎಷ್ಟು ಹೊತ್ತಿಗೆ ಸಿಗ್ತಾರೆ?"